ಏರಿಯ ಹುಲ್ಲು

ಮರಳುಕೋಡಿ,
೧೪ ಫೆಬ್ರವರಿ ೧೯೮೩

ಪ್ರೀತಿಯ ಅಕ್ಕನಿಗೆ,

ಕೆಲಸಕ್ಕೆ ಸೇರಿ ಇಷ್ಟು ದಿನವಾದರೂ ಎಂಥ ಕೆಲಸ ಎಂದು ಬರೆದಿಲ್ಲ ಎಂದು ಬೈದಿದ್ದೀಯ. ನಗುತ್ತೀಯ ಎಂದೇ ಬರೆದಿರಲಿಲ್ಲ. ಗಾಲ್ಫ್ ಅಂತ ಒಂದು ಆಟ. ದೊಡ್ಡ ಮನುಷ್ಯರು ಕೋಲಿನಿಂದ ಚಿಕ್ಕ ಚೆಂಡನ್ನು ಹೊಡೆಯುತ್ತ ಹೊಡೆಯುತ್ತ ಹೋಗಿ ದೂರದ ಗುಳಿಯಲ್ಲಿ ಬೀಳಿಸಬೇಕು. ಅಂಥ ಒಂಬತ್ತು ಗುಳಿ. ನಡುವೆಲ್ಲ ಹುಲ್ಲು. ಆ ಹುಲ್ಲು ಬೆಳೆಸುವವನು ನಿನ್ನ ತಮ್ಮ. ಅಪ್ಪಯ್ಯ ಇದ್ದಿದ್ದರೆ, ಕೃಷಿ ಕಾಲೇಜಿಗೆ ಕಳಿಸಿದ್ದು ಇದಕ್ಕೇನೋ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ನಕ್ಕು ಮುಗಿಯಿತೆ? ಇನ್ನು ಇದನ್ನು ಕೇಳು. ಕಂಪನಿಯವರ ಮೊದಲಿನ ನಕ್ಷೆಯಲ್ಲಿ ಕಡಲ ಬದಿಯ ಮರಳು ದಿಬ್ಬಗಳನ್ನೆಲ್ಲ ಬುಲ್ಡೋಜರ್ ಹಾಕಿ ಮಟ್ಟ ಮಾಡುವುದಿತ್ತು. ನಾನು ಬೊಂಬಾಯಿಯಿಂದ ಬಂದ ನಕ್ಷೆಯ ಸಾಹೇಬರನ್ನು ದಿಬ್ಬದ ಹಿಂದಿನ ಮೀನುಗಾರರ ಕೇರಿಗೆ ಕರೆದುಕೊಂಡು ಹೋಗಿ ಅಲ್ಲಿಯ ಬಾವಿ ನೀರು ಕುಡಿಸಿದೆ. ಕಡಲು ಕೂಗಳತೆಯಲ್ಲಿದ್ದರೂ ಸಿಹಿ ನೀರು. ದಿಬ್ಬ ಹೋದರೆ ಇದು ಉಪ್ಪಾಗುತ್ತದೆ ಎಂದೆ. ದಿಬ್ಬದ ತುಂಬ ನೇರಳೆ ಹೂವಿನ ಬಳ್ಳಿ ಹಬ್ಬಿದೆ, ಇಲ್ಲಿಯವರು ಅಡಂಬು ಎನ್ನುತ್ತಾರೆ. ಅದನ್ನು ಕಿತ್ತರೆ ಒಂದೇ ಮಳೆಗಾಲಕ್ಕೆ ದಿಬ್ಬ ಕಾಲು ಬಂದ ಹಾಗೆ ಹೊರಟು ಹೋಗುತ್ತದೆ ಎಂದೆ. ಸಾಹೇಬರು ಒಳ್ಳೆಯವರು, ನಕ್ಷೆ ತಿದ್ದಿದರು. ಈಗ ದಿಬ್ಬ ಇದ್ದಲ್ಲೇ ಇರುತ್ತದೆ, ಆಟವೇ ಅದಕ್ಕೆ ಹೊಂದಿಕೊಳ್ಳಬೇಕು. ಕಡಲಾಮೆ ಮೊಟ್ಟೆಯಿಡುವ ಜಾಗ ಬಿಟ್ಟು ನಾಲ್ಕನೆಯ ಗುಳಿಯನ್ನು ಒಳಕ್ಕೆ ಸರಿಸಿದ್ದೇವೆ. ಅಕ್ಕ, ಇಷ್ಟು ವರ್ಷದಲ್ಲಿ ನಾನು ಓದಿದ್ದು ಉಪಯೋಗಕ್ಕೆ ಬಂತು ಅನ್ನಿಸಿದ್ದು ಇದೇ ಮೊದಲು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಗುಳಿಯ ಸುತ್ತ ಜಮಖಾನ ಹಾಸಿದಂಥ ಹುಲ್ಲು ಬೇಕು. ಹೊರದೇಶದ ಬೀಜ ತರಿಸಿದರೆ ಅದಕ್ಕೆ ಔಷಧಿ, ಗೊಬ್ಬರ ಸುರಿಯಬೇಕು, ಅದೆಲ್ಲ ಆ ಬಾವಿಗಳಿಗೇ ಇಳಿಯುತ್ತದೆ. ನಮ್ಮ ಗರಿಕೆಯೇ ಸಾಕು ಎಂದು ಸಾಹೇಬರನ್ನು ಒಪ್ಪಿಸಿದ್ದೇನೆ. ದನ ಮೇದು ಮೇದು ನೆಲಕ್ಕಂಟಿದ ಗರಿಕೆಯನ್ನು ಮಣ್ಣಿನ ಸಮೇತ ಹೆಂಟೆಯಾಗಿ ಕತ್ತರಿಸಿ ತರಬೇಕು. ನಮ್ಮ ಹಿರೇಹಕ್ಲಿನಲ್ಲಿ ಎಲ್ಲಿ ಸಿಕ್ಕೀತು? ಭಾವನನ್ನು ಕೇಳಿ ಬರೆ. ಲಾರಿ ನಾನು ಕಳಿಸುತ್ತೇನೆ.

ನಿನ್ನ ತಮ್ಮ,
ಧರ್ಮಪ್ಪ


ಹಿರೇಹಕ್ಲು, ಕೋಣಂದೂರು ಅಂಚೆ,
೫ ಮಾರ್ಚ್ ೧೯೮೩

ಧರ್ಮಪ್ಪನಿಗೆ ಅಕ್ಕನ ಆಶೀರ್ವಾದ.

ನಕ್ಕಿದ್ದು ಹೌದು. ನಿನ್ನ ಕಾಗದವನ್ನು ಶಾಲೆಗೂ ತೆಗೆದುಕೊಂಡು ಹೋಗಿ ಹೆಡ್‌ಮೇಷ್ಟರಿಗೆ ಓದಿ ಹೇಳಿದೆ. ಗೋಲಿಯಾಟಕ್ಕೆ ಇಷ್ಟು ದೊಡ್ಡ ಜಾಗ ಯಾಕೆ ಬೇಕಂತೆ ಎಂದು ಅವರು ಕೇಳಿದರು. ಆದರೆ ಬಾವಿಯ ವಿಷಯ ಓದುವಾಗ ನಗು ಬರಲಿಲ್ಲ. ನೀನು ಅಲ್ಲಿ ಮಾಡಿದ್ದು ಒಳ್ಳೆಯ ಕೆಲಸ. ನನಗೆ ಹೆಮ್ಮೆಯಾಯಿತು.

ಹುಲ್ಲಿನ ವಿಷಯ. ನಮ್ಮ ಗುಡ್ಡದ ಹುಲ್ಲುಗಾವಲು, ಆ ಬ್ಯಾಣದ್ದು, ಎತ್ತರ ಬೆಳೆಯುವ ಹುಲ್ಲು, ನಿನಗೆ ಬರುವುದಿಲ್ಲ. ಅಂಗಳದ ಅಂಚಿನದು ಒಂದು ಗಾಡಿಗೂ ಸಾಲದು. ನೀನು ಹೇಳುವಂಥ ಗರಿಕೆ ಇರುವುದು ಒಂದೇ ಕಡೆ, ಹಿರೇಕೆರೆಯ ಏರಿಯ ಮೇಲೆ. ನಿನ್ನ ಭಾವ ಅದನ್ನೇ ಕೊಡೋಣ ಎನ್ನುತ್ತಿದ್ದಾರೆ. ನನಗೆ ಸ್ವಲ್ಪ ಹಿಂದೆಮುಂದೆ ಆಗುತ್ತಿದೆ. ಏರಿಯನ್ನು ನೋಡಿಕೊಳ್ಳುವುದು ಅಜ್ಜನ ಕಾಲದಿಂದ ನಮ್ಮ ಮನೆಯೇ ಆದರೂ ಅದರ ಕೆಳಗಿನ ಗದ್ದೆ ಈಗ ಗಿರಿಯಪ್ಪನದು. ಅವನಿಗೊಂದು ಮಾತು ಹೇಳೋಣ ಎಂದೆ. ಅದಕ್ಕೆ ಇವರು, "ಏರಿ ನಮ್ಮನೇದು, ಗದ್ದೆ ಅವಂದು. ಹುಲ್ಲಿಗೂ ಅವನ್ನ ಕೇಳ್ಬೇಕಾ?" ಎಂದರು. ಮನೆಅಳಿಯನಾಗಿ ಬಂದವರಾದರೂ ಗದ್ದೆ ಹೋದ ಸಿಟ್ಟು ಇವರಿಗೆ ಇನ್ನೂ ಪೂರ್ತಿ ಇಳಿದಿಲ್ಲ. ಅಪ್ಪಯ್ಯನೂ ಅದೇ ಸಿಟ್ಟಿನಲ್ಲೇ ಹೋದರು.

ಈಗೀಗ ಆ ಮನೆಗೂ ನಮ್ಮ ಮನೆಗೂ ಮಾತು ಶುರುವಾಗಿದೆ. ಮೊನ್ನೆ ಗಿರಿಯಪ್ಪನ ಹೆಂಡತಿ ದುರ್ಗಮ್ಮ ತಾನಾಗಿ ಬಂದು ಹಿತ್ತಲ ಜಗಲಿಯಲ್ಲಿ ಕುಳಿತು ಮಾವಿನ ಮಿಡಿ ಆರಿಸಿಕೊಟ್ಟಳು. ಭೂ ಟ್ರಿಬ್ಯೂನಲ್ಲಿನಲ್ಲಿ ಗದ್ದೆ ಉಳುವವರಾದ ಅವರಿಗೇ ಎಂದು ಆದಮೇಲೆ ಅವಳು ನಮ್ಮ ಹಿತ್ತಲಿಗೆ ಕಾಲಿಟ್ಟದ್ದು ಇದೇ ಮೊದಲು. ಅವಳು ಹೋದಮೇಲೆ ನಾನು ಒಬ್ಬಳೇ ಕುಳಿತು ಅತ್ತೆ. ಯಾಕೆ ಎಂದು ಕೇಳಬೇಡ.

ನೀನು ಓದಿದವನು. ಏರಿಯ ಹುಲ್ಲು ತೆಗೆದರೆ ತೊಂದರೆ ಇಲ್ಲವೇ? ಇದ್ದರೆ ಹಾಗೆಂದು ಬರೆ. ನಿನ್ನ ಭಾವನಿಗೆ ನಾನು ಹೇಳಿಕೊಳ್ಳುತ್ತೇನೆ.

ನಿನ್ನ ಅಕ್ಕ,
ಸರೋಜ


ಮರಳುಕೋಡಿ,
೧೬ ಮಾರ್ಚ್ ೧೯೮೩

ಪ್ರೀತಿಯ ಅಕ್ಕ,

ಏರಿಯ ಗರಿಕೆ ನನಗೆ ಹೊಳೆದೇ ಇರಲಿಲ್ಲ ನೋಡು! ಅದಕ್ಕಿಂತ ಒಳ್ಳೆಯದು ಈ ಜಿಲ್ಲೆ ಆ ಜಿಲ್ಲೆ ಹುಡುಕಿದರೂ ಸಿಗದು. ಭಾವನಿಗೆ ನನ್ನ ಪರವಾಗಿ ಒಂದು ಒಳ್ಳೆಯ ಊಟ ಹಾಕು.

ತೊಂದರೆ ಏನೂ ಇಲ್ಲ. ಏಡಿ ತೂತು ಮಾಡಿದಲ್ಲಿ ಅಜ್ಜ ಪಕ್ಕದಿಂದಲೇ ಒಂದು ಹೆಂಟೆ ಕತ್ತರಿಸಿ ತುರುಕಿ ಕಾಲಲ್ಲಿ ಮೆಟ್ಟುತ್ತಿದ್ದದ್ದು ನೆನಪಿಲ್ಲವೆ? ಕತ್ತರಿಸಿದ ಜಾಗ ಎರಡು ಮಳೆ ಬಿದ್ದರೆ ಕೂಡಿಕೊಳ್ಳುತ್ತಿತ್ತು. ಎಷ್ಟು ಸಲ ನೋಡಿಲ್ಲ ನಾವು. ಗರಿಕೆಯ ಗುಣವೇ ಅದು. ಮೇ ಕೊನೆಯಲ್ಲಿ ತೆಗೆದರೆ ಜೂನಿನಲ್ಲಿ ಚಿಗುರುತ್ತದೆ. ಗಿರಿಯಪ್ಪನಿಗೆ ನಾನೇ ಬರುವಾಗ ಹೇಳುತ್ತೇನೆ. ಅವನೂ ನಾನೂ ಆ ಕೆರೆಯಲ್ಲೇ ಈಜು ಕಲಿತವರು, ಅವನು ಬೇಡ ಎನ್ನುವವನಲ್ಲ.

ಬರಲು ಮಾತ್ರ ಈಗ ಆಗುವುದಿಲ್ಲ. ಮಳೆಗೆ ಮೊದಲು ಹೊಂಡ ಮುಗಿಯಬೇಕು. ಹುಲ್ಲಿಗೆ ಕೇರಿಯ ಬಾವಿಯಿಂದ ಒಂದು ಕೊಡ ನೀರನ್ನೂ ಎತ್ತುವುದಿಲ್ಲ, ಮಳೆ ನೀರನ್ನೇ ಹಿಡಿದು ವರ್ಷವಿಡೀ ನಡೆಸುತ್ತೇನೆ ಎಂದು ಸಾಹೇಬರ ಹತ್ತಿರ ಹಟ ಮಾಡಿದ್ದೇನೆ.

ಧರ್ಮಪ್ಪ


ಹಿರೇಹಕ್ಲು,
೬ ಜೂನ್ ೧೯೮೩

ಧರ್ಮಪ್ಪನಿಗೆ,

ನಿನ್ನ ಲಾರಿಗಳು ಬಂದು ಹೋದವು. ಕೊನೆಯದು ಹುಲಿಕಲ್ ಘಾಟಿ ಇಳಿಯುವಾಗಲೇ ಮಳೆ ಹಿಡಿಯಿತಂತೆ. ಹೆಂಟೆಗಳನ್ನು ತಟ್ಟೆ ಜೋಡಿಸಿದ ಹಾಗೆ ಒಂದರ ಮೇಲೊಂದು ಜೋಡಿಸಿ, ಮೇಲೆ ಬಾಳೆ ಎಲೆ ಮುಚ್ಚಿ ಕಳಿಸಿದ್ದೇವೆ. ಲಾರಿ ಬಂದಷ್ಟೂ ನಿನ್ನ ಭಾವನಿಗೆ ಹುರುಪು. ಏರಿಯ ನಡುಭಾಗದ್ದು ಪೂರ್ತಿ ಹೋಯಿತು.

ಏರಿಗೆ ಮಣ್ಣು ಹಾಕುವ ದಿನ ಊರವರೆಲ್ಲ ಬಂದಿದ್ದರು. ಎಂದಿನಂತೆ ಆಳಿಗೊಂದು ಬುಟ್ಟಿ ಮಣ್ಣು ಸುರಿದು, ದನ ಹೊಡೆದು ತುಳಿಸಿದೆವು. ಊರಲ್ಲಿ ಇಲ್ಲದವರ ಬುಟ್ಟಿಯನ್ನು ಮನೆಯವರು ಹೆಸರು ಹೇಳಿ ಹಾಕಬೇಕಲ್ಲ, ನಿನ್ನದನ್ನು ನಾನು ಹಾಕಿದೆ. "ಇದು ಧರ್ಮಪ್ಪಂದು" ಎಂದು ಪ್ರತಿ ವರ್ಷ ಕೂಗಿ ಹೇಳುವವಳಿಗೆ ಈ ಸಲ ಯಾಕೋ ಸ್ವರ ಏಳಲಿಲ್ಲ. ಏರಿ ತಲೆ ಬೋಳಿಸಿಕೊಂಡವರ ಹಾಗೆ ಕಾಣುತ್ತಿತ್ತು. ಗಿರಿಯಪ್ಪ ತನ್ನ ಬುಟ್ಟಿ ಸುರಿದು, ಬೋಳು ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನೀನು ಬಂದು ಹೇಳುತ್ತೀಯಲ್ಲ ಎಂದುಕೊಂಡೆ.

ಮಳೆ ಜೋರಾಗಿದೆ. ಛಾವಣಿಯ ಸದ್ದಿಗೆ ಪಾಠ ಹೇಳಿದ್ದು ಮಕ್ಕಳಿಗೆ ಕೇಳುವುದಿಲ್ಲ.

ಸರೋಜ


ಮರಳುಕೋಡಿ,
೧೨ ಜುಲೈ ೧೯೮೩

ಅಕ್ಕ,

ಹುಲ್ಲು ಹಿಡಿಯಿತು! ಮೊದಲ ವಾರ ಹಳದಿಯಾಗಿತ್ತು, ನನ್ನ ಮುಖವೂ ಹಾಗೇ ಆಗಿತ್ತು. ಈಗ ಬಂದು ನೋಡಬೇಕು ನೀನು. ಮರಳಿನ ನಡುವೆ ಹಸಿರು ಅಂದರೆ ಹಸಿರು. ಬೆಳಗ್ಗೆ ಬರಿಗಾಲಲ್ಲಿ ನಡೆದರೆ ಏರಿಯ ಮೇಲೆ ನಡೆದಂತೆಯೇ ಆಗುತ್ತದೆ. ಊರು ಬಿಟ್ಟು ಬಂದಿದ್ದೇನೆ ಅನ್ನಿಸುವುದೇ ಇಲ್ಲ.

ಹೋದ ವಾರ ಕಡಲು ಹುಚ್ಚೆದ್ದಿತ್ತು. ಪಕ್ಕದ ಊರಿನಲ್ಲಿ ದಿಬ್ಬ ತೆಗೆದು ಗಾಳಿಮರ ನೆಟ್ಟ ಕಡೆ ನೀರು ಮನೆಯೊಳಗೇ ಬಂತು. ನಮ್ಮ ದಿಬ್ಬಕ್ಕೆ ಏನೂ ಆಗಲಿಲ್ಲ. ಬಳ್ಳಿ ಹಿಡಿದುಕೊಂಡಿತು. ಸಾಹೇಬರು ಮಳೆಯಲ್ಲೇ ನಿಂತು ನನ್ನ ಕೈ ಕುಲುಕಿದರು.

ಕೆರೆ ತುಂಬಿತೆ? ಹುಲ್ಲು ಚಿಗುರಿತೆ?

ಧರ್ಮಪ್ಪ


ಹಿರೇಹಕ್ಲು,
೨೫ ಆಗಸ್ಟ್ ೧೯೮೩

ಧರ್ಮಪ್ಪನಿಗೆ,

ನಿನ್ನ ಕಾಗದಕ್ಕೆ ತಡವಾಗಿ ಬರೆಯುತ್ತಿದ್ದೇನೆ. ಕೆಂದ ಹಸು ಹೆಣ್ಣು ಕರು ಹಾಕಿದೆ. ಶಾಲೆಗೆ ಹೊಸ ಮೇಷ್ಟರು ಬಂದಿದ್ದಾರೆ, ಶಿಕಾರಿಪುರದವರು, ನಮ್ಮ ಮಳೆ ನೋಡಿ ಹೆದರಿ ವರ್ಗಕ್ಕೆ ಅರ್ಜಿ ಬರೆಯುತ್ತಿದ್ದಾರೆ. ನಿನ್ನ ಭಾವನಿಗೆ ಊಟ ಸೇರುತ್ತಿಲ್ಲ. ಔಷಧಿ ಕೊಡಿಸಿದ್ದೇನೆ.

ಕೆರೆ ಹೇಗಿದೆ ಎಂದು ಕೇಳಿದ್ದೀಯ. ಇದೆ. ಈ ಸಲ ನೀರು ಕಡಿಮೆ.

ದುರ್ಗಮ್ಮ ಈಚೆಗೆ ಬಂದಿಲ್ಲ. ಗದ್ದೆ ಕೆಲಸ ಇರಬೇಕು.

ಗಾಳಿಗೆ ಮೈಯೊಡ್ಡಿ ತಿರುಗಬೇಡ. ತಲೆಗೆ ಎಣ್ಣೆ ಹಾಕಿಕೋ.

ಸರೋಜ


ಮರಳುಕೋಡಿ,
೯ ಅಕ್ಟೋಬರ್ ೧೯೮೩

ಪ್ರೀತಿಯ ಅಕ್ಕ,

ನೀನು ಮೊದಲಿನ ಹಾಗೆ ಬರೆಯುತ್ತಿಲ್ಲ. ಭಾವನ ಆರೋಗ್ಯದ ಚಿಂತೆ ಇರಬೇಕು. ಇಷ್ಟು ಮಳೆ ಬಂದ ವರ್ಷ ಕೆರೆಯಲ್ಲಿ ನೀರು ಹೇಗೆ ಕಡಿಮೆಯಾಯಿತೋ ನನಗೆ ತಿಳಿಯಲಿಲ್ಲ. ತೂಬು ಯಾರಾದರೂ ತೆಗೆದಿಟ್ಟಿರಬೇಕು.

ಡಿಸೆಂಬರಿನಲ್ಲಿ ಉದ್ಘಾಟನೆ. ಬೆಂಗಳೂರಿನಿಂದ, ಬೊಂಬಾಯಿಯಿಂದ ಜನ ಬರುತ್ತಾರೆ. ನೆಲಕ್ಕೆ ನೀರಿಗೆ ನೋವಾಗದಂತೆ ಇಂಥದ್ದನ್ನು ಕಟ್ಟಬಹುದು ಎಂದು ತೋರಿಸುವುದಕ್ಕೆ ಕರೆಯೋಲೆಯನ್ನೇ ದಿಬ್ಬದ ಚಿತ್ರ ಹಾಕಿ ಅಚ್ಚು ಮಾಡಿಸಿದ್ದಾರೆ. ಪ್ರತಿ ಗುಳಿಗೂ ಒಂದು ಹೆಸರು. ಒಂಬತ್ತನೆಯದಕ್ಕೆ ಹೆಸರಿಡುವ ಮರ್ಯಾದೆಯನ್ನು ನನಗೆ ಕೊಟ್ಟರು. ನಾನು "ಹಿರೇಕೆರೆ" ಎಂದಿಟ್ಟೆ. ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ್ದಾರೆ. ನಿನಗೂ ಭಾವನಿಗೂ ಕರೆಯೋಲೆ ಕಳಿಸಿದ್ದೇನೆ. ಗಿರಿಯಪ್ಪನಿಗೂ ಒಂದು ಬೇರೆ ಅಂಚೆಯಲ್ಲಿ ಹಾಕಿದ್ದೇನೆ. ಮೂವರೂ ಒಟ್ಟಿಗೆ ಬನ್ನಿ.

ಧರ್ಮಪ್ಪ


ಹಿರೇಹಕ್ಲು,
೨೦ ನವೆಂಬರ್ ೧೯೮೩

ಧರ್ಮಪ್ಪನವರಿಗೆ ಗಿರಿಯಪ್ಪ ಬರೆಯುವುದು.

ನಿಮ್ಮ ಕಾರ್ಡು ಬಂದು ಬಹಳ ದಿನ ಆಯಿತು. ಚೆನ್ನಾಗಿ ಅಚ್ಚು ಹಾಕಿಸಿದ್ದೀರಿ. ಹಿರೇಕೆರೆ ಎಂದು ಹೆಸರು ಇಟ್ಟಿದ್ದನ್ನೂ ಓದಿದೆ. ನಾನು ನಾಲ್ಕನೇ ಕ್ಲಾಸಿನ ತನಕ ಕಲಿತವನು, ತಪ್ಪಿದ್ದರೆ ನೋಡಿಕೊಳ್ಳಿ.

ಹಿರೇಕೆರೆ ಈಗ ಇಲ್ಲ. ಜುಲೈ ತಿಂಗಳ ಪುಷ್ಯ ಮಳೆಯಲ್ಲಿ ಏರಿ ನಡುವೆ ಒಡೆಯಿತು. ಹುಲ್ಲು ತೆಗೆದ ಜಾಗದಲ್ಲೇ ಒಡೆಯಿತು. ಮೊದಲು ಮಣ್ಣು ಮೇಲಿನಿಂದ ತೊಳೆದು ತೊಳೆದು ಇಳಿಯಿತು, ಆಮೇಲೆ ಒಮ್ಮೆಲೇ ಹೋಯಿತು. ನಟ್ಟಿ ಮುಗಿಸಿ ಎಂಟು ದಿನ ಆಗಿರಲಿಲ್ಲ. ನಮ್ಮ ಗದ್ದೆಯ ಮೇಲೆ ಮರಳು, ಕಲ್ಲು ಮೊಣಕಾಲು ಮುಳುಗುವಷ್ಟು ಬಂದು ಕುಳಿತಿದೆ. ನಿಮ್ಮ ಅಕ್ಕಾವರು ಇದನ್ನು ಬರೆದಿಲ್ಲ ಎಂದು ನಿಮ್ಮ ಕಾರ್ಡು ನೋಡಿದ ಮೇಲೆ ಗೊತ್ತಾಯಿತು. ಅವರ ಮೇಲೆ ಸಿಟ್ಟಾಗಬೇಡಿ. ಏರಿ ಒಡೆದ ದಿನ ಅವರು ಮಳೆಯಲ್ಲಿ ಓಡಿ ಬಂದು ನಮ್ಮ ಜೊತೆ ಮಣ್ಣಿನ ಚೀಲ ಹೊತ್ತಿದ್ದಾರೆ.

ಕೋಣಂದೂರು ಸಂತೆಯಲ್ಲಿ ಜನ ಒಂದು ಮಾತು ಆಡುತ್ತಾರೆ. ಗೌಡರ ಮನೆಯವರು ಗದ್ದೆ ಹೋದದ್ದಕ್ಕೆ ಸೇಡು ತೀರಿಸಿಕೊಂಡರು, ಬೇಕೆಂದೇ ಏರಿ ಬೋಳು ಮಾಡಿದರು ಎಂದು. ನನ್ನ ಹೆಂಡತಿಯೂ ಹಾಗೇ ಹೇಳುತ್ತಾಳೆ. ನಾನು ಇನ್ನೂ ಹೇಳಿಲ್ಲ. ನೀವೂ ನಾನೂ ಒಟ್ಟಿಗೆ ಆ ಕೆರೆಯಲ್ಲಿ ಬೆಳೆದವರು ಅಂತ ಬಾಯಿ ಕಟ್ಟಿಕೊಂಡಿದ್ದೇನೆ.

ಒಂದೇ ಕೇಳುವುದು. ಹುಲ್ಲು ಏರಿಯದು ಎಂದು ನಿಮಗೆ ಗೊತ್ತಿತ್ತಾ? ಇದ್ದದ್ದು ಇದ್ದ ಹಾಗೆ ಬರೆಯಿರಿ. ಅಥವಾ ಬಂದು ಹೇಳಿ. ಬಂದು ಹೇಳಿದರೆ ಇನ್ನೂ ಒಳ್ಳೆಯದು, ಊರವರ ಎದುರಿಗೆ ಆಗುತ್ತದೆ.

ಇಂತಿ,
ಗಿರಿಯಪ್ಪ


ಮರಳುಕೋಡಿ,
೨೮ ನವೆಂಬರ್ ೧೯೮೩

ಅಕ್ಕ,

ಏರಿ ಒಡೆದ ಸುದ್ದಿಯನ್ನು ನನಗೆ ಗಿರಿಯಪ್ಪ ತಿಳಿಸಬೇಕಾಯಿತೆ? "ಇದೆ, ಈ ಸಲ ನೀರು ಕಡಿಮೆ" ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ಕೆರೆ ಇಲ್ಲದ ಮೇಲೆ ನಾನು ಇಲ್ಲಿ ಅದರ ಹೆಸರನ್ನು ಕಲ್ಲಿನಲ್ಲಿ ಕೊರೆಸಿ ಕುಳಿತಿದ್ದೇನೆ. ಯಾರಾದರೂ ಕೇಳಿದರೆ ಏನು ಹೇಳಲಿ?

ಇನ್ನು ಸೇಡಿನ ಮಾತು. ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಟ್ರಿಬ್ಯೂನಲ್ಲಿನಲ್ಲಿ ಅಪ್ಪಯ್ಯನ ಎದುರಿಗೇ ನಿಂತು, ಗಿರಿಯಪ್ಪನ ಅಪ್ಪನ ಕಾಲದಿಂದ ಉಳುತ್ತಿರುವವರು ಇವರೇ ಎಂದು ಹೇಳಿದವನು ನಾನು. ಅದಕ್ಕಾಗಿ ಅಪ್ಪಯ್ಯ ಸಾಯುವ ತನಕ ನನ್ನ ಹತ್ತಿರ ಮಾತಾಡಲಿಲ್ಲ. ಆ ಗದ್ದೆಯನ್ನು ಅವನಿಗೆ ಕೊಡಿಸಿದ ನನ್ನ ಮೇಲೇ ಈ ಮಾತೆ? ಹಾಗೆ ಆಡುವವರಿಗೆ ನೀನಾದರೂ ಹೇಳಬಾರದೆ?

ಭಾವ ಅಷ್ಟೊಂದು ತೆಗೆಸಿದ್ದೇಕೆ? ನಡುಭಾಗ ಪೂರ್ತಿ ತೆಗೆಯಿರಿ ಎಂದು ನಾನು ಹೇಳಿದ್ದೆನೆ?

ಧರ್ಮಪ್ಪ


ಹಿರೇಹಕ್ಲು,
೮ ಡಿಸೆಂಬರ್ ೧೯೮೩

ಧರ್ಮಪ್ಪನಿಗೆ,

ನಾನು ಬರೆಯದೆ ಇದ್ದದ್ದು ತಪ್ಪು. ನಿನ್ನ ಹುಲ್ಲು ಹಿಡಿಯಿತು ಎಂಬ ಕಾಗದ ಬಂದದ್ದು ಏರಿ ಒಡೆದ ವಾರದಲ್ಲಿ. ಅಷ್ಟು ಸಂತೋಷವಾಗಿ ಬರೆದಿದ್ದೆ. ಚಿಕ್ಕಂದಿನಿಂದ ನಿನ್ನ ಸಂತೋಷ ಕೆಡಿಸುವುದು ನನ್ನ ಕೈಯಲ್ಲಿ ಆಗುವುದಿಲ್ಲ, ಆ ಅಭ್ಯಾಸವೇ ಈಗ ಕೈಕೊಟ್ಟಿತು.

ಆದರೆ ಉಳಿದ ಮಾತು ನನಗೆ ಸೇರಲಿಲ್ಲ. ಗದ್ದೆಯನ್ನು ನೀನು ಅವನಿಗೆ ಕೊಡಿಸಲಿಲ್ಲ. ಅವರದೇ ಆಗಿದ್ದನ್ನು ಅವರದು ಎಂದು ಹೇಳಿದೆ, ಅಷ್ಟೇ. ಅಂದು ನಿಜ ಹೇಳಿದ್ದಕ್ಕೆ ನಿನ್ನ ಮೇಲೆ ನನಗೆ ಗೌರವ ಬಂದಿತ್ತು. ಈಗ ಅದನ್ನೇ ಮುಂದೆ ಮಾಡಿ ಲೆಕ್ಕ ಕೇಳುತ್ತೀಯಲ್ಲ.

ಭಾವನ ಮೇಲೆ ಹಾಕಬೇಡ. ಅವರು ಹುರುಪಿನಲ್ಲಿ ಹೆಚ್ಚು ತೆಗೆಸಿದರು, ಹೌದು. ಏರಿ ಒಡೆದ ದಿನದಿಂದ ಅವರು ಊರಲ್ಲಿ ತಲೆಯೆತ್ತಿ ನಡೆದಿಲ್ಲ. ಗಿರಿಯಪ್ಪನ ಅಂಗಳಕ್ಕೆ ಹೋಗಿ, ಕೇಳದೆ ತೆಗೆಸಿದ್ದು ನನ್ನ ತಪ್ಪು ಎಂದು ಹೇಳಿ ಬಂದಿದ್ದಾರೆ. ಗದ್ದೆಯ ಮರಳು ತೆಗೆಯಲು ದಿನವೂ ಹೋಗುತ್ತಾರೆ. ದುರ್ಗಮ್ಮ ಅವರಿಗೆ ಒಂದು ಲೋಟ ನೀರು ಕೂಡ ಕೊಡುವುದಿಲ್ಲ. ಆದರೂ ಹೋಗುತ್ತಾರೆ.

ತೊಂದರೆ ಇದೆಯೇ ಎಂದು ನಾನು ನಿನ್ನನ್ನು ಕೇಳಿದ್ದೆ. ಕಡಲಿನವರಿಗೆ ಬಳ್ಳಿ ಕಿತ್ತರೆ ದಿಬ್ಬ ಹೋಗುತ್ತದೆ ಎಂದು ಹೇಳಿಕೊಟ್ಟ ನೀನು ನಮಗೆ ತೊಂದರೆ ಏನೂ ಇಲ್ಲ ಎಂದು ಬರೆದೆ. ಯಾಕೆ ಹಾಗೆ ಬರೆದೆ ಎಂದು ಮಲಗಿದಾಗೆಲ್ಲ ಯೋಚಿಸುತ್ತೇನೆ. ನಿನಗೆ ತಿಳಿಯಲಿಲ್ಲ ಎಂದರೆ ನನಗೆ ನಂಬಲು ಆಗುವುದಿಲ್ಲ. ಬೇಕೆಂದೇ ಮಾಡಿದೆ ಎಂದರೆ ಅದನ್ನಂತೂ ನಂಬುವುದೇ ಇಲ್ಲ. ಹುಲ್ಲು ನಿನಗೆ ಬೇಕಾಗಿತ್ತು. ಅಷ್ಟೇ ಇರಬೇಕು. ನನಗೂ ನಿನಗೆ ಕೊಡಬೇಕಾಗಿತ್ತು.

ಗಿರಿಯಪ್ಪನ ಕಾಗದಕ್ಕೆ ಉತ್ತರ ಬರೆದೆಯಾ? ಅವನು ಟಪಾಲಿನವನನ್ನು ದಿನವೂ ಕೇಳುತ್ತಾನೆ. ಮಳೆಗೆ ಮೊದಲು ಏರಿ ಕಟ್ಟಬೇಕು, ಇಲ್ಲದಿದ್ದರೆ ಅವನಿಗೆ ಎರಡನೆಯ ವರ್ಷವೂ ಬೆಳೆಯಿಲ್ಲ. ಮಣ್ಣು ಹಾಕುವ ದಿನ ನೀನೇ ಬಂದು ಊರವರೆದುರು ಒಂದು ಮಾತು ಹೇಳು. ಅದೊಂದಾದರೆ ದುರ್ಗಮ್ಮ ಮತ್ತೆ ನಮ್ಮ ಹಿತ್ತಲಿಗೆ ಬರುತ್ತಾಳೆ. ನನಗೆ ಬೇಕಾಗಿರುವುದು ಅದು.

ಉದ್ಘಾಟನೆಗೆ ನಾವು ಬರುವುದಿಲ್ಲ.

ಸರೋಜ


ಮರಳುಕೋಡಿ,
೧೮ ಮೇ ೧೯೮೪

ಪ್ರೀತಿಯ ಅಕ್ಕ,

ಇಷ್ಟು ತಿಂಗಳು ಬರೆಯದೆ ಇದ್ದೆ. ಬರೆಯಲು ಕುಳಿತರೆ ಪೆನ್ನು ಮೊದಲ ಸಾಲಿನಲ್ಲೇ ನಿಂತುಬಿಡುತ್ತಿತ್ತು. ಗಿರಿಯಪ್ಪನಿಗೂ ಹಾಗೇ ಆಯಿತು. ಎಷ್ಟೋ ಸಲ ಬರೆದು ಹರಿದೆ.

ಉದ್ಘಾಟನೆ ಚೆನ್ನಾಗಿ ಆಯಿತು. ಭಾಷಣದಲ್ಲಿ ನನ್ನ ಹೆಸರು ಹೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಂಬತ್ತನೆಯ ಗುಳಿಯ ಹತ್ತಿರ ನಿಂತಿದ್ದೆ. ಆಮೇಲೆ ಆ ಕಡೆ ಬರಿಗಾಲಲ್ಲಿ ನಡೆದಿಲ್ಲ.

ಈಗ ಒಂದು ನಿರ್ಧಾರ ಮಾಡಿದ್ದೇನೆ. ಒಂಬತ್ತನೆಯದರ ಹುಲ್ಲನ್ನೆಲ್ಲ ಹೆಂಟೆ ಹೆಂಟೆಯಾಗಿ ತೆಗೆಸುತ್ತಿದ್ದೇನೆ. ಸಾಹೇಬರಿಗೆ ಹುಲ್ಲಿಗೆ ರೋಗ ಬಂದಿದೆ, ತೆಗೆಯದಿದ್ದರೆ ಉಳಿದದ್ದಕ್ಕೂ ತಗಲುತ್ತದೆ ಎಂದು ಹೇಳಿದ್ದೇನೆ. ಏರಿ ಹೇಗೆ ಕಟ್ಟಬೇಕು, ಇಳಿಜಾರು ಎಷ್ಟಿರಬೇಕು, ಹೆಂಟೆಯನ್ನು ಯಾವ ಸಾಲಿನಿಂದ ಕೂರಿಸಬೇಕು ಎಂದು ನಕ್ಷೆ ಬರೆದಿದ್ದೇನೆ. ಲಾರಿಯ ಜೊತೆ ನಾನೇ ಬರುತ್ತೇನೆ. ಗಿರಿಯಪ್ಪನಿಗೆ ಹೇಳು. ನನ್ನ ಬುಟ್ಟಿಯನ್ನು ಈ ಸಲ ನೀನು ಹಾಕಬೇಡ. ನಾನೇ ಹಾಕುತ್ತೇನೆ.

ಧರ್ಮಪ್ಪ


ಹಿರೇಹಕ್ಲು,
೩೧ ಮೇ ೧೯೮೪

ಧರ್ಮಪ್ಪನಿಗೆ,

ಹುಲ್ಲು ಬಂತು.

ಲಾರಿಯ ಸದ್ದು ಕೇಳಿ ಭಾವ ಗದ್ದೆಯಿಂದ ಓಡಿ ಬಂದರು. ನಾನು ನಿನಗೆಂದು ಬಚ್ಚಲಿಗೆ ಉರಿ ಹಾಕಿದ್ದೆ. ಡ್ರೈವರ್ ಒಬ್ಬನೇ ಇಳಿದ. ಎಲ್ಲಿ ಎಂದು ಕೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ. ನೀನು ಹೊಸನಗರದ ತನಕ ಲಾರಿಯಲ್ಲೇ ಬಂದೆಯಂತೆ. ಅಲ್ಲಿ ಚಾ ಕುಡಿಯಲು ಇಳಿದೆಯಂತೆ. ಲೋಟ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತು, ನಕ್ಷೆಯ ಸುರುಳಿಯನ್ನು ಅವನ ಕೈಗೆ ಕೊಟ್ಟು, ಕುಂದಾಪುರದ ಬಸ್ಸು ಬಂದದ್ದೇ ಹತ್ತಿ ಹೋದೆಯಂತೆ. ಹೊಸನಗರದಿಂದ ಇಲ್ಲಿಗೆ ಎಷ್ಟು ದೂರ, ಧರ್ಮಪ್ಪ?

ನಾನು ಊರವರಿಗೆಲ್ಲ ಹೇಳಿಬಿಟ್ಟಿದ್ದೆ, ತಮ್ಮ ಬರುತ್ತಾನೆ, ಅವನೇ ಎದುರು ನಿಂತು ಹೇಳುತ್ತಾನೆ ಎಂದು. ದುರ್ಗಮ್ಮನ ಮನೆಗೆ ಹೋಗಿ ಹೇಳಿದ್ದೆ. ಅವಳು ನನ್ನನ್ನು ಒಳಗೆ ಕರೆಯಲಿಲ್ಲ, ಆದರೆ ಮಣ್ಣಿನ ದಿನ ಏರಿಗೆ ಬಂದಿದ್ದಳು. ನಿನ್ನ ಮಾತು ಕೇಳಲೆಂದೇ ಬಂದಿದ್ದಳು.

ನಿನ್ನ ನಕ್ಷೆ ಸರಿಯಾಗಿದೆ. ಅದರಂತೆಯೇ ಏರಿ ಕಟ್ಟಿದೆವು. ಹೆಂಟೆಗಳೂ ಹದವಾಗಿ ಕೂತವು. ಹುಲ್ಲಿನಲ್ಲಿ ಕಡಲ ಮರಳು ಇನ್ನೂ ಅಂಟಿಕೊಂಡಿತ್ತು. ಆಮೇಲೆ ಎಲ್ಲರೂ ಬುಟ್ಟಿ ಹಾಕಿದರು. ನಿನ್ನದೊಂದು ಉಳಿಯಿತು. ನೀನು ಹೇಳಿದ್ದೆಯಲ್ಲ, ನಾನು ಮುಟ್ಟಲಿಲ್ಲ. ದನಗಳನ್ನು ಹೊಡೆದು ತರುವವರು ಆಚೆ ಕಾಯುತ್ತಿದ್ದರು. ಬುಟ್ಟಿ ಎಲ್ಲ ಬೀಳದೆ ತುಳಿಸುವ ಹಾಗಿಲ್ಲ. ಮೂಡಲಲ್ಲಿ ಮೋಡ ಕಟ್ಟುತ್ತಿತ್ತು. ಇನ್ನೊಂದು ಬಸ್ಸು ಬರಲಿ, ಅದರಲ್ಲಿ ಬಂದಾನು ಎಂದೆ. ಜನ ನನ್ನ ಮುಖ ನೋಡಿಕೊಂಡು ನಿಂತರು. ಬಸ್ಸು ಬಂತು. ಸಂತೆಯಿಂದ ಯಾರೋ ಇಬ್ಬರು ಇಳಿದರು.

ಆಗ ಗಿರಿಯಪ್ಪ ಮುಂದೆ ಬಂದು ಆ ಬುಟ್ಟಿ ಎತ್ತಿಕೊಂಡ. ಬೇಡ, ಇನ್ನೂ ಸ್ವಲ್ಪ ತಡಿ ಎಂದೆ.

"ಅವ್ರು ಬರ್ಲಿ ಅಂತ ಮಳೆ ನಿಲ್ಲಲ್ಲ ಅಕ್ಕಾವ್ರೆ. ಏರಿ ಕೆಳಗಿರೋನು ನಾನು" ಎಂದ.

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಬುಟ್ಟಿಯನ್ನು ತುಂಬ ತುಂಬಿ, ಒಡೆದಿದ್ದ ಜಾಗದ ಮೇಲೆಯೇ ಸುರಿದು, ಕೈಯಿಂದ ಹರಡಿದ. ಯಾರದು ಎಂದು ಹೆಸರು ಹೇಳಬೇಕಲ್ಲ, ಎಲ್ಲರೂ ಕಾದರು. ಅವನು ಬುಟ್ಟಿ ಕೊಡವಿ ಕೆಳಗಿಟ್ಟು ಸುಮ್ಮನೆ ಹಿಂದೆ ಸರಿದ.

ಇದು ಯಾರ ಬುಟ್ಟಿ ಎಂದು ಹಿರಿಯರು ಕೇಳಿದರು. ನನ್ನ ಕಡೆಗೇ ನೋಡಿ ಕೇಳಿದರು. ದುರ್ಗಮ್ಮನೂ ನೋಡುತ್ತಿದ್ದಳು.

ನಾನೂ ಹೇಳಲಿಲ್ಲ, ಧರ್ಮಪ್ಪ.

ನಿನ್ನ ಅಕ್ಕ,
ಸರೋಜ